ಜವಾರಿ ಬಾರಿಯ ಹುಳಿ

ಹಿತ್ತಲ ತಗಡಿನ ಮೇಲೆ ಬಾರಿಹಣ್ಣೊಂದು ಧಡ್ ಎಂದು ಬಿತ್ತು. ಊರು ಮಲಗಿ ಬಹಳ ಹೊತ್ತಾಗಿತ್ತು. ಭಾರತಿ ಉಸಿರು ಬಿಗಿಹಿಡಿದಳು. ಗೋಡೆಯಾಚೆ ಅತ್ತೆ ಸೂಗಮ್ಮ ಮಗ್ಗುಲಾದದ್ದು ಕೇಳಿಸಿತು.

"ಭಾರತಿ, ಎಚ್ಚರ ಇದ್ದೀ? ಸಪ್ಪಳ ಕೇಳಿದ್ರ ಈ ಸಲ ಹಣ್ಣು ಚಲೋ ಬೆಳದಾವ. ಒಂದು ತಂದು ಕೊಡು ಬೇ. ಜ್ವರದ ಬಾಯಿ, ಹುಳಿ ಬೇಡತದ."

ಒಂದು ಕಾಲಕ್ಕೆ ಈ ಊರು ಗುರುಗುಂಟಾದ ಬದುಗಳ ಮೇಲೆಲ್ಲ ಜವಾರಿ ಬಾರಿ, ಅಂದರೆ ನಾಟಿ ಎಲಚಿಯ ಗಿಡಗಳಿದ್ದವು. ಹಣ್ಣು ಅಂಗಿಗುಂಡಿಯಷ್ಟು ಸಣ್ಣದು, ಕಚ್ಚಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಈಗ ಹೊಲಗಳ ತುಂಬ ದಾಳಿಂಬೆ, ಸೇಬಿನ ಗಾತ್ರದ ಆಪಲ್ ಬಾರಿ. ಸಿಂಧನೂರಿನ ವ್ಯಾಪಾರಿಗಳು ಜವಾರಿಯನ್ನು ಮೂಸಿಯೂ ನೋಡುವುದಿಲ್ಲ. ಉಳಿದಿದ್ದದ್ದು ಈ ಹಿತ್ತಲ ಗಿಡವೊಂದೇ. ಸೂಗಮ್ಮ ವರ್ಷದ ಮಟ್ಟಿಗೆ ಮಸ್ಕಿಯ ಮಗಳ ಮನೆಯಲ್ಲಿದ್ದಾಗ, ಕೊಳೆತು ನೊಣ ಮುತ್ತುವ ಹಣ್ಣೇಕೆ ಎಂದು ಅದರ ಕೊಂಬೆ ಕಡಿಸಿ, ಆಪಲ್ ಬಾರಿಯ ಕಸಿ ಕಟ್ಟಿಸಿದವಳು ಭಾರತಿ. ಗಂಡ ನರಸಣ್ಣ ಬೇಡವೆಂದಿದ್ದ. "ಅವ್ವಗ ನೀನ ಹೇಳಬೇಕು ನೋಡು," ಎಂದು ಕೈತೊಳೆದುಕೊಂಡಿದ್ದ. ಅತ್ತೆ ಮರಳಿ ಬಂದು ವಾರವಾಗಿತ್ತು. ಪೊರೆ ಬಂದ ಅವಳ ಕಣ್ಣಿಗೆ ಗಿಡ ಕಾಣುತ್ತಿರಲಿಲ್ಲ. ನಾಳೆ ಹೇಳಿದರಾಯಿತು ಎಂದು ಭಾರತಿ ದಿನ ದೂಡಿದ್ದಳು.

ಎದ್ದು ಹಿತ್ತಲಿಗೆ ಹೋಗಿ ಎತ್ತಿಕೊಂಡ ಹಣ್ಣು ಅವಳ ಅಂಗೈ ತುಂಬಿತು. ಇಡಿಯಾಗಿ ಕೊಟ್ಟರೆ ಮುದುಕಿಯ ಬೆರಳಿಗೇ ಗೊತ್ತಾಗುತ್ತದೆ. ತೆಳ್ಳಗೆ ಹೆಚ್ಚಿ ತಟ್ಟೆಯಲ್ಲಿಟ್ಟಳು.

ಸೂಗಮ್ಮ ಒಂದು ಹೋಳು ತಿಂದಳು. ಇನ್ನೊಂದು ತಿಂದಳು.

"ಬರೇ ನೀರು ಅಗದಂಗ ಆಗ್ತದ. ನನ್ನ ನಾಲಿಗಿ ಸತ್ತದ ಬಿಡು."

"ಅತ್ತಿ, ನಾಲಿಗಿ ಅಲ್ಲ, ಹಣ್ಣೇ..."

"ಈ ಗಿಡದಾಗ ತಪ್ಪು ಹುಡುಕಬ್ಯಾಡ. ನಿಮ್ಮ ಮಾವ ಇದನ್ನ ನೆಟ್ಟಿಲ್ಲ, ಕುರಿ ಕಾದು ಬಂದು ಉಗುಳಿದ ಬೀಜ ಇದು. ಅಂವನ ಬಾಯಾಗಿಂದ ಬಂದದ್ದರಾಗ ಉಪಯೋಗಕ್ಕ ಬಿದ್ದದ್ದು ಇದೊಂದ." ಸೂಗಮ್ಮ ನಕ್ಕಳು. "ನಾಲಿಗಿ ಹೋದ್ರ ಹೋಗಲಿ. ಅಂವನ ಗಿಡ ಉಳದದ, ಅಷ್ಟ ಸಾಕು. ನರಸಣ್ಣಗ ಹೇಳಬ್ಯಾಡ, ದವಾಖಾನಿ ತಿರಗಸ್ತಾನ."

ಒಂದು ಮಾತು ಆಡಿದರೆ ಮುದುಕಿಗೆ ನಾಲಿಗೆ ಮರಳಿ ಸಿಗುತ್ತಿತ್ತು, ಗಿಡ ಹೋಗುತ್ತಿತ್ತು. ಯಾವುದು ಬೇಕೆಂದು ಅವಳೇ ಹೇಳಿಯಾಗಿತ್ತು. ಅದೇ ತನಗೂ ಅನುಕೂಲವೆಂಬುದು ಭಾರತಿಯನ್ನು ಬೆಳಗಿನ ತನಕ ಚುಚ್ಚಿತು.

ಮುಂಜಾನೆ ನರಸಣ್ಣ ದನಿ ತಗ್ಗಿಸಿ ಕೇಳಿದ, "ಅವ್ವಗ ಹೇಳಿದೇನು?"

"ಹೇಳೀನ್ರಿ. ಇನ್ನ ಆಕಿ ಮುಂದ ಆ ಮಾತು ತೆಗೀಬ್ಯಾಡ್ರಿ."

ಅವನು ಹಗುರಾಗಿ ಹೊರಗೆ ಹೋದ. ರಾತ್ರಿ ನಡೆದದ್ದನ್ನು ಅವನಿಗಾಗಲಿ ಇನ್ನಾರಿಗಾಗಲಿ ಎಂದೂ ಹೇಳಬಾರದೆಂದು ಭಾರತಿ ನಿರ್ಧರಿಸಿದ್ದಳು.