ಒಂಬತ್ತನೆಯ ಸಾಲು

ಮೈದಾ ಅಂಟಿನ ವಾಸನೆ, ಹುಳಿ ಬಂದಿದೆ, ಜವಾನ ನೋಟೀಸು ಬೋರ್ಡಿಗೆ ಬಳಿಯುತ್ತಿದ್ದಾನೆ, ಹಳೆಯ ಕಾಗದದ ಮೇಲೆಯೇ ಹೊಸದು, ಕಿತ್ತು ಅಂಟಿಸುವ ವ್ಯವಧಾನ ಈ ಕಚೇರಿಯಲ್ಲಿ ಯಾರಿಗೂ ಇಲ್ಲ, ಕೆರೆಯುತ್ತ ಹೋದರೆ ಎಪ್ಪತ್ತೆರಡರ ಪಟ್ಟಿಯೂ ಸಿಕ್ಕೀತು, ಅದರಲ್ಲಿ ನನ್ನ ಹೆಸರು, ರಾಮಾಂಜಿನಮ್ಮ, ಬಿ.ಎ., ಎಪ್ಪತ್ತೆಂಟರಲ್ಲೂ ನಾನೇ, ಎಂಬತ್ಮೂರರಲ್ಲೂ, ಈಗ ಎಂಬತ್ತೈದು, ನಾಲ್ಕನೆಯ ಸಲ — ಮೂರು ಗಂಟೆಗೆ ಪಟ್ಟಿ ಹಚ್ಚುತ್ತಾರೆ, ಈಗ ಎರಡೂ ಹತ್ತು, ನಾಮಪತ್ರ ಹಿಂತೆಗೆದುಕೊಳ್ಳುವುದಿದ್ದರೆ ಅಷ್ಟರೊಳಗೆ ತೆಗೆದುಕೊಳ್ಳಬೇಕು, ನಮೂನೆ ಚೀಲದಲ್ಲಿದೆ, ತುಂಬಿದ್ದೇನೆ, ಸಹಿಯೊಂದು ಬಾಕಿ. ಇದೆಯೇ, ಇದೆ, ಮೂರನೆಯ ಸಲ ಮುಟ್ಟಿ ನೋಡುತ್ತಿದ್ದೇನೆ, ಮನೆಗೆ ಬೀಗ ಹಾಕಿ ಬೀದಿ ತಿರುವಿನಿಂದ ಮತ್ತೆ ಹಿಂದಕ್ಕೆ ಹೋಗಿ ಎಳೆದು ನೋಡುವವಳು ನಾನು, ಇಂಥವಳು ಹೇಗೆ ನಾಲ್ಕು ಸಲ ಚುನಾವಣೆಗೆ ನಿಂತಳು ಎಂದು ನನಗೇ ಅರ್ಥವಾಗುವುದಿಲ್ಲ, ಕೊರಟಗೆರೆಯ ಬಸ್ಸಿನಲ್ಲಿ ಕಂಡಕ್ಟರನೂ ಬನ್ನಿ ಎಲೆಕ್ಷನ್ನಮ್ಮ, ಈ ಸಲ ಗುರುತು ಏನು ಅನ್ನುತ್ತಾನೆ, ಹೋದ ಸಲ ಬಂಡಿಚಕ್ರ, ಅದಕ್ಕೂ ಮೊದಲು ದೋಣಿ, ಕೆರೆಯೇ ತುಂಬದ ಸೀಮೆಯಲ್ಲಿ ದೋಣಿಯ ಚಿತ್ರ ಹಿಡಿದು ಊರೂರು ತಿರುಗಿದ್ದೆ, ಜನ ನಕ್ಕರು, ನಕ್ಕವರಲ್ಲಿ ಕೆಲವರು ಓಟು ಹಾಕಿದರು.

ಜಗಲಿಯ ಆ ಕೊನೆಯಲ್ಲಿ ಬಸವಲಿಂಗಯ್ಯ, ದೊಡ್ಡ ಪಕ್ಷದ ಈ ತಾಲ್ಲೂಕಿನ ವ್ಯವಹಾರವೆಲ್ಲ ಇವರದೇ, ಕಂಬಕ್ಕೆ ಒರಗಿ ನನ್ನ ಕಡೆ ನೋಡದ ಹಾಗೆ ನೋಡುತ್ತಿದ್ದಾರೆ, ಬೆಳಿಗ್ಗೆ ಮನೆಗೆ ಬಂದಾಗ ಚಪ್ಪಲಿ ಬಿಟ್ಟು ಒಳಗೆ ಬಂದರು, ಎಷ್ಟು ಮರ್ಯಾದೆ, ನೀವು ಗೆಲ್ಲಲ್ಲ ಬುಡಿ ಅಕ್ಕಾರೆ, ಬ್ಯಾಸರ ಮಾಡ್ಕಬ್ಯಾಡಿ, ಹೋದ್ ಸಲ ನಮ್ಮೋರು ಸೋತಿದ್ದು ಎಂಟ್ನೂರು ಓಟಿಗೆ, ನೀವು ತಗಂಡಿದ್ದು ಸಾವಿರದ ನೂರು, ಇದೊಂದ್ ಸಲ ಹಿಂದಕ್ ಸರೀರಿ, ಆ ಗೊಲ್ಲರಟ್ಟಿ ಹೆಂಗಸ್ರು ಎಂಟ್ ಜನದ ಮ್ಯಾಲಿನ ಕೇಸು ವಾಪಸ್ ತೆಗಸೋದು ನನ್ ಜವಾಬ್ದಾರಿ, ಪಾಪ, ಕೂಲಿನಾಲಿ ಬುಟ್ಟು ಕೋರ್ಟಿಗೆ ಅಲೀತಾವೆ. ಆ ಪಾಪ ಎಂಬ ಮಾತು ಎಷ್ಟು ಸಲೀಸಾಗಿ ಬಂತು ಅವರ ಬಾಯಿಗೆ, ನನಗಾದರೆ ಒಂದು ಪದ ಬರೆಯುವ ಮೊದಲು ನಾಲ್ಕು ಹೊಡೆದು ಹಾಕಬೇಕು — ಶಿಕ್ಷೆಯಾದರೆ ಎಂಟು ಜನ ಜೈಲಿಗೆ, ಹಟ್ಟಿಯ ಕುರಿ ನೋಡುವವರಾರು, ಹಾಲು ಕುಡಿಯುವ ಕೂಸಿದೆ ಒಬ್ಬಳಿಗೆ, ನನ್ನದೊಂದು ಸಹಿಯಿಂದ ಅದೆಲ್ಲ ತಪ್ಪುತ್ತದೆಂದರೆ ನಾನು ಯಾರಿಗಾಗಿ ನಿಂತಿದ್ದೇನೆ, ಬೋರ್ಡಿನ ಮೇಲೆ ಹೆಸರು ನೋಡುವ ಚಪಲವೇ ಇದು, ಹೌದೇ, ಹೌದೆಂದರೆ ಸಹಿ ಹಾಕು, ಪೆನ್ನು ತೆಗೆ.

ಪೆನ್ನು. ಅವತ್ತೂ ಕೈಯಲ್ಲಿ ಪೆನ್ನೇ ಇತ್ತು, ಎಂಬತ್ಮೂರರ ಆಷಾಢ, ಬಡವನಹಳ್ಳಿಯಾಚೆಯ ಕಾವಲು, ಜುಂಜಪ್ಪನ ಹೆಸರಿನಲ್ಲಿ ಬಿಟ್ಟ ದೇವರ ಎತ್ತುಗಳು ಮೇಯುವ ಹುಲ್ಲು, ಅದನ್ನು ಉತ್ತು ಅರಣ್ಯ ಇಲಾಖೆಯವರು ನೀಲಗಿರಿ ಸಸಿ ನೆಟ್ಟಿದ್ದರು, ದನ ಮೂಸಿ ನೋಡಿ ಮುಖ ತಿರುಗಿಸುವ ಗಿಡ, ನಾನೇ ಹಟ್ಟಿಗೆ ಹೋಗಿ ಹೇಳಿದ್ದು ಇದು ನೀರು ಕುಡಿಯುತ್ತದೆ, ಹುಲ್ಲು ಏಳಗೊಡುವುದಿಲ್ಲ, ಒಂದು ಮನವಿ ಕೊಡೋಣ ಎಂದು. ನಾಗಕ್ಕ ಕೇಳಿಸಿಕೊಂಡಳು, ಹಟ್ಟಿಯಲ್ಲಿ ಅವಳ ಮಾತೇ ಮಾತು, ಮನ್ವಿ ನೀನು ಕೊಡಮ್ಮ, ನಾವು ಕಿತ್ತಾಕ್ತೀವಿ ಅಂದಳು. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಕಳೆ ಕೀಳುವಾಗ ಹಂಚುವ ಹಾಗೆ ಸಾಲು ಹಂಚಿದಳು, ಒಬ್ಬೊಬ್ಬರಿಗೆ ಒಂದೊಂದು, ತುದಿಯ ಸಾಲು ನಿಂದು ಕಣಮ್ಮ ಅಂದಳು ನನಗೆ, ನಾನು ಇರಿ, ಮನವಿ ಮುಗಿಸಿ ಬರುತ್ತೇನೆ ಎಂದು ಬೇವಿನ ಮರದ ಕೆಳಗೆ ಕೂತೆ, ಸಸಿಗಳನ್ನು ಕಿತ್ತಿದ್ದಾರೆ ಎಂದು ಬರೆಯಲೇ, ತೆರವುಗೊಳಿಸಿದ್ದಾರೆ ಎಂದು ಬರೆಯಲೇ, ಗ್ರಾಮಸ್ಥರು ಎನ್ನಲೇ, ಗೋಪಾಲಕರು ಎನ್ನಲೇ, ಹೊಡೆದು ಹಾಕುತ್ತ ಬರೆಯುತ್ತ ಅಷ್ಟರಲ್ಲಿ ಪೊಲೀಸರ ಜೀಪು ಬಂತು. ಯಾರು ಕಿತ್ತಿದ್ದು ಅಂದರೆ ನಾನೇ ಸ್ವಾಮಿ, ಎಲ್ಲಾನೂ ನಾನೇ ಅಂದಳು ನಾಗಕ್ಕ, ಪಕ್ಕದವಳೂ ಎಲ್ಲಾನೂ ನಾನೇ ಅಂದಳು, ಎಂಟೂ ಜನ ಹಾಗೆಯೇ, ಬರೆದುಕೊಳ್ಳುವವನಿಗೆ ತಲೆ ಕೆಟ್ಟಿತು, ಕೊನೆಗೆ ನನ್ನ ಕಡೆ ತಿರುಗಿ, ನೀವು ಬಿಡಿ ಮೇಡಂ, ನೀವು ಕೀಳ್ತಿರಲಿಲ್ಲ, ಬರೀತಿದ್ರಿ ಅಂದ, ನಾನು ಸುಮ್ಮನಿದ್ದೆ, ಸುಮ್ಮನಿದ್ದದ್ದಷ್ಟೇ ಅಲ್ಲ, ಎದೆಯ ಮೇಲಿನ ಭಾರ ಇಳಿದ ಹಾಗಾಗಿತ್ತು, ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಏನ್ ಮೇಡಮ್ಮ, ಮಕ ಇಂಗೆ ಬತ್ತೋಗೈತೆ — ನಾಗಕ್ಕ, ಹೆಗಲಿಗೆ ಕಂಬಳಿ, ಇವತ್ತು ಅವರ ವಾಯಿದೆ, ಪಕ್ಕದಲ್ಲೇ ಕೋರ್ಟು, ನಾನು ಮರೆತೇಬಿಟ್ಟಿದ್ದೆ. ಸರ್ಕಂಡ್ ಕೂತ್ಕ ಎಂದು ಬೆಂಚಿನ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚುತ್ತಾಳೆ, ಹೇಳಲೇಬೇಕು, ಹೇಳುತ್ತೇನೆ, ಬಸವಲಿಂಗಯ್ಯ ಅಂದದ್ದನ್ನು ಅಂದ ಹಾಗೆಯೇ, ಒಂದು ಪದ ಕೂಡಿಸದೆ, ನಾನು ಹಿಂದೆ ಸರಿದರೆ ನಿಮ್ಮ ಕೇಸು ಹೋಗುತ್ತದೆ ನಾಗಕ್ಕ, ಸಹಿ ಹಾಕೋಣ ಅಂತ ಕೂತಿದ್ದೀನಿ. ಅಡಿಕೆ ಕಡಿಯುವ ಸದ್ದು ನಿಲ್ಲುತ್ತದೆ. ಕೇಸು ಯಾರ್ದು? ನಿಮ್ಮದು. ನಮ್ ಕೇಸು ಕೊಟ್ಬುಡಕ್ಕೆ ನೀನ್ಯಾರಮ್ಮ? ನಾವು ಕಿತ್ತಿದ್ದೀವಿ ಅಂತ ಜಡ್ಜಮ್ಮುನ್ ಮುಂದೇನೇ ಹೇಳ್ತೀವಿ, ಕೇಸು ತೆಗುದ್ಬುಟ್ರೆ ನಾವು ಕಿತ್ತೇ ಇಲ್ಲ ಅಂದಂಗಾಗಲ್ವಾ, ನಾಳಿಕ್ ತಿರುಗ ನೆಡ್ತಾರೆ. ಕೂಸಿದೆಯಲ್ಲ ನಾಗಕ್ಕ, ಅವಳಿಗೆ? ಕೂಸು ಜೈಲಲ್ಲೂ ಹಾಲು ಕುಡೀತದೆ. ಅಲೆದಾಟ ನಿಮಗೆ? ಯೋ, ವಾಯ್ದೆ ದಿನ ಎಂಟೂ ಜನ ಓಟ್ಲಲ್ಲಿ ಕಾಲ್ ನೀಡ್ಕಂಡು ದೋಸೆ ತಿಂತೀವಿ ಕಣಮ್ಮ, ಹಟ್ಟೀಲಿ ಯಾವ್ ಗಂಡ ತಂದ್ಕೊಡ್ತಾನೆ? ನಗುತ್ತಾಳೆ, ಕೆಂಪು ಬಾಯಿ, ನನಗೂ ನಗು ಬರುತ್ತದೆ, ಬಸವಲಿಂಗಯ್ಯ ಈಗ ನೇರವಾಗಿಯೇ ನೋಡುತ್ತಿದ್ದಾರೆ, ನಾಗಕ್ಕ ನಗು ನಿಲ್ಲಿಸಿ, ಅದ್ಸರಿ, ನಿನ್ ಸಾಲು ಅಂಗೇ ಐತಲ್ಲ, ಅದುನ್ ಯಾವಾಗ ಕೀಳ್ತೀಯ ಅನ್ನುತ್ತಾಳೆ.

ನನ್ನ ಸಾಲು. ಒಬ್ಬರ ಸಾಲಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ ಅವರು, ಕಳೆ ಕೀಳುವ ನೇಮ, ಯಾರೂ ಕೀಳಲಿಲ್ಲ, ಎರಡು ವರ್ಷ ಮುಟ್ಟುತ್ತ ಬಂತು, ಕಾವಲಿನಲ್ಲಿ ಹುಲ್ಲಿನ ನಡುವೆ ನೀಲಗಿರಿಯ ಒಂದೇ ಒಂದು ಸಾಲು, ಸಿರಾ ಕಡೆಯ ಬಸ್ಸಿನಲ್ಲಿ ಹೋಗುವಾಗ ನಾನು ಆ ಬದಿಯ ಕಿಟಕಿಗೆ ಕೂರುವುದಿಲ್ಲ, ಸಾವಿರದ ನೂರು ಓಟು ಕೊಟ್ಟವರೂ ಅದನ್ನು ನೋಡಿಕೊಂಡೇ ಕುರಿ ಹೊಡೆದುಕೊಂಡು ಹೋಗುತ್ತಾರೆ, ಯಾರೂ ಒಂದು ಮಾತು ಆಡಿಲ್ಲ, ನನಗೆ ಬಿಟ್ಟಿದ್ದಾರೆ, ಬೈದಿದ್ದರೆ ವಾಸಿಯಿತ್ತು.

ಎರಡೂ ಐವತ್ತು. ಅಕ್ಕಾರೆ, ಟೈಮಾಯ್ತು, ಒಳಗ್ ಹೋಗಣ್ವಾ — ಬಸವಲಿಂಗಯ್ಯ ಪಕ್ಕದಲ್ಲೇ ನಿಂತಿದ್ದಾರೆ, ನಾನು ನಮೂನೆ ತೆಗೆದು ನಾಗಕ್ಕನ ಮಡಿಲಿಗೆ ಹಾಕಿದೆ, ಅವಳು ಒಂದು ಮೂಲೆ ಹರಿದು ಸುಣ್ಣ ಕಟ್ಟಿಕೊಂಡಳು, ಹೋಗಲ್ಲ ಬಸವಲಿಂಗಯ್ಯನವರೇ, ನಾನು ನಿಲ್ತೀನಿ, ಈ ಸಲ ಎಂಟುನೂರಲ್ಲ, ಎಂಟು ಸಾವಿರಕ್ಕೆ ಸೋಲಲಿ ನಿಮ್ಮವರು, ನನ್ನ ಧ್ವನಿ ಇಷ್ಟು ಗಟ್ಟಿಯಾಗಿತ್ತೇ, ಜವಾನ ತಿರುಗಿ ನೋಡಿದ. ಕೇಸಲ್ಲಿ ಅವ್ರಿಗೆ ಶಿಕ್ಷೆ ಆದ್ರೆ ನಮ್ಮನ್ನ ಅನ್ಬ್ಯಾಡಿ, ಅಂದರು. ಎಂಟಲ್ಲ, ಒಂಬತ್ತು ಹೆಸರು ಬರೆಸಿ, ನಾಳೆ ಬರ್ತೀನಿ ಕಾವಲಿಗೆ, ಬೇಕಾದರೆ ಜೀಪು ಕಳಿಸಿ. ಅವರು ಹೋದರು, ಬಾಗಿಲಲ್ಲಿ ಗಂಟೆ ಹೊಡೆಯಿತು, ಮೂರು, ಪಟ್ಟಿ ಬಂತು, ನಾಲ್ಕನೆಯ ಹೆಸರು ನನ್ನದು, ಎದ್ದು ಓದಬೇಕು, ಕಾಗುಣಿತ ನೋಡಬೇಕು, ಹೋದ ಸಲ ತಪ್ಪು ಅಚ್ಚು ಹಾಕಿದ್ದರು, ಏಳುವುದಿಲ್ಲ, ನಾಗಕ್ಕ ಏನೋ ಹೇಳುತ್ತಿದ್ದಾಳೆ, ಈಗ ಅದು ಕೈಗೆ ಬರಲ್ಲ ಕಣಮ್ಮ, ಬೇರು ಇಳಿದೈತೆ, ಹಾರೆ ತತ್ತೀನಿ, ಹೊಡ್ಯಾದು ಮಾತ್ರ ನೀನೇ — ಹಾರೆ, ಹಾರೆ ಹಿಡಿದವಳಲ್ಲ ನಾನು, ಅಂಗೈಗೆ ಬೊಬ್ಬೆ ಬರುತ್ತದೆ, ಬರಲಿ, ಬೇವಿನ ಮರದಿಂದ ಎಷ್ಟು ಹೆಜ್ಜೆ, ಹತ್ತು, ಹನ್ನೆರಡು, ಅಷ್ಟೇ ಇತ್ತು ಅವತ್ತೂ, ಎರಡೂ ಕಡೆ ಹುಲ್ಲು, ದೇವರ ಎತ್ತುಗಳು ತಲೆ ಬಗ್ಗಿಸಿ ಮೇಯುತ್ತ ಅಲ್ಲಿಗೆ ಬಂದು ತಿರುಗಿಕೊಳ್ಳುತ್ತವೆ, ಗಿಡಗಳು ನನ್ನ ತಲೆಗಿಂತ ಎತ್ತರ, ನೆಟ್ಟಗೆ, ಗಾಳಿ ಇಲ್ಲ, ಒಂದು ಎಲೆಯೂ ಅಲುಗುತ್ತಿಲ್ಲ, ಆ ಸಾಲು, ನಿಂತೇ ಇದೆ, ಆ ಸಾಲು