ಬ್ರಷ್ಷುಗಳ ಗಣತಿ

"ನೀನು ಎಣಿಸಿದ್ದು ಮನುಷ್ಯರನ್ನಲ್ಲ, ಹಲ್ಲುಜ್ಜೋ ಬ್ರಷ್ಷನ್ನ! ಬ್ರಷ್ಷು ಎಣಿಸಿ ಮನುಷ್ಯರು ಅಂತ ಬರ್ಕೊಟ್ಟಿದ್ದೀಯ! ನಾಚ್ಕೆ ಆಗಲ್ವಾ ನಿನಗೆ?"

ನನ್ನ ತಂಗಿ ಇಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಚಿಕ್ಕಂದಿನಿಂದ ಮನೆಯಲ್ಲಿ ಕೂಗುವುದು ನನ್ನ ಪಾಲು, ಅಳುವುದು ಅವಳ ಪಾಲು. ವಿಶ್ವವಿದ್ಯಾಲಯದ ಸಭಾಂಗಣದ ಹಿಂದಿನ ಕೋಣೆಯಲ್ಲಿ ನಿಂತಿದ್ದೆವು. ಗೋಡೆಯಾಚೆ ಯಾರೋ ಮೈಕಿನಲ್ಲಿ "ಹಲೋ, ಹಲೋ" ಅನ್ನುತ್ತಿದ್ದರು. ಇನ್ನು ಅರ್ಧ ಗಂಟೆಗೆ ಅವಳಿಗೆ ಪ್ರಶಸ್ತಿ. ನಗರಗಳ ಬಗ್ಗೆ ಆ ವರ್ಷ ಬಂದ ಸಂಶೋಧನೆಗಳಲ್ಲೆಲ್ಲ ಅವಳ ಪುಸ್ತಕವೇ ಮೇಲು ಅಂತ ಐದು ಜನ ಪ್ರಾಧ್ಯಾಪಕರು ಸೇರಿ ಆರಿಸಿದ್ದರು. ಹನ್ನೆರಡು ವರ್ಷದಿಂದ ತಾತ್ಕಾಲಿಕ ಕೆಲಸದಲ್ಲಿ ಸವೆದವಳು ಅವಳು. ಈ ಪ್ರಶಸ್ತಿ ಬಂದರೆ ಕೆಲಸ ಕಾಯಂ.

"ಬ್ರಷ್ಷಿದ್ದಲ್ಲಿ ಮನುಷ್ಯ ಇರಲ್ವೇನೇ? ಅದಕ್ಕೇ ಎಣಿಸ್ದೆ," ಅಂದೆ. ನನ್ನ ದನಿಯಲ್ಲೇ ಕಸುವಿರಲಿಲ್ಲ.

ನಾನು ಕರೆಂಟು ಮೀಟರು ಓದುವವನು. ಅವಳ ಪುಸ್ತಕ ದರ್ಜಿಗಳ ಓಣಿಯ ಬಗ್ಗೆ. ಅಲ್ಲಿ ಬಾಡಿಗೆ ಕೋಣೆಗಳಲ್ಲೇ ಮಿಷನ್ನು ಇಟ್ಟುಕೊಂಡು ಹೊಲಿಯುತ್ತಾರೆ, ಅಲ್ಲೇ ಮಲಗುತ್ತಾರೆ. "ಅಣ್ಣಾ, ಹೇಗೂ ಎಲ್ಲಾ ಮಹಡಿ ಹತ್ತುತ್ತೀಯ, ಕೋಣೆಗೆ ಎಷ್ಟು ಜನ ಅಂತ ಕೇಳ್ಕೊಂಡು ಬಾ" ಅಂದಿದ್ದಳು. ಕೇಳಿದೆ. ಮಾಲೀಕನ ಭಯಕ್ಕೆ ಎಲ್ಲರದ್ದೂ ಒಂದೇ ಉತ್ತರ: "ಇಬ್ಬರೇ ಸಾರ್." ಒಳಗೆ ನಾಲ್ಕೈದು ಮಿಷನ್ನಿನ ಸದ್ದು, ಹೊರಗೆ ಇಬ್ಬರೇ ಸಾರ್! ನನಗೆ ರೇಗಿತು. ಪ್ರತಿ ಮಹಡಿಯ ನಲ್ಲಿಯ ಪಕ್ಕ, ಮೀಟರು ಬೋರ್ಡಿನ ಕೆಳಗೆ, ಕೋಣೆಗೊಂದು ಡಬ್ಬಿ ಇರುತ್ತಿತ್ತು. ಡಬ್ಬಿಯ ತುಂಬ ಬ್ರಷ್ಷು. ಬಾಯಿ ಸುಳ್ಳು ಹೇಳಬಹುದು, ಬ್ರಷ್ಷು ಹೇಳುವುದಿಲ್ಲ ಅಂದುಕೊಂಡು ಎಣಿಸಿದೆ. ಕೋಣೆಗೆ ಸರಾಸರಿ ಒಂಬತ್ತು ಬಂತು. ಹೇಗೆ ಎಣಿಸಿದೆ ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಪುಸ್ತಕದ ಬೆನ್ನಮೇಲೇ ಅಚ್ಚಾಯಿತು: "ಒಂದು ಕೋಣೆ, ಒಂಬತ್ತು ಉಸಿರು."

ಆ ದಿನ ಬೆಳಿಗ್ಗೆ ಅದೇ ಓಣಿಯಲ್ಲಿ ಮೀಟರು ಓದುತ್ತಿದ್ದೆ. ಒಬ್ಬ ಹೆಂಗಸು ಡಬ್ಬಿಯಿಂದ ಬ್ರಷ್ಷು ತೆಗೆದಳು.

"ಹನ್ನೊಂದು ಗಂಟೆ ಆಯ್ತಲ್ಲಮ್ಮಾ, ಇನ್ನೂ ಹಲ್ಲುಜ್ಜಿಲ್ವಾ?" ಅಂತ ತಮಾಷೆ ಮಾಡಿದೆ.

"ಇದು ನನ್ನದಲ್ಲಣ್ಣ, ಮಿಷನ್ನಿಂದು. ಹಳೇ ಬ್ರಷ್ಷು ಬಿಸಾಕ್ತೀವಾ? ನೂಲಿನ ಕಸ ತೆಗೆಯೋಕೆ ಬೇಕಲ್ಲ. ಎಣ್ಣೆ ತೊಳೆದು ಇಲ್ಲೇ ಇಡ್ತೀವಿ."

ಪ್ರತಿ ಮಿಷನ್ನಿಗೂ ಒಂದು. ನಾನು ಎಣಿಸಿದ ಒಂಬತ್ತರಲ್ಲಿ ಅರ್ಧಕ್ಕರ್ಧ ಮಿಷನ್ನುಗಳದ್ದೇ! ಅಷ್ಟರಲ್ಲಿ ಅವಳು ಒಳಗಿನಿಂದ ಒಂದು ಕಾಗದ ತಂದಳು. "ಓದ್ಹೇಳಣ್ಣ, ಎಲ್ಲಾ ಕೋಣೆಗೂ ಅಂಟಿಸಿ ಹೋಗಿದ್ದಾರೆ." ಪುರಸಭೆಯ ನೋಟೀಸು. ಆರಕ್ಕಿಂತ ಹೆಚ್ಚು ಜನರಿರುವ ಕೋಣೆಗಳನ್ನು ತಿಂಗಳೊಳಗೆ ಖಾಲಿ ಮಾಡಬೇಕು. ಆಧಾರ: ನನ್ನ ತಂಗಿಯ ಪುಸ್ತಕ, ಒಂಬತ್ತು.

ಅಲ್ಲಿಂದ ನೇರ ಸಭಾಂಗಣಕ್ಕೆ ಓಡಿಬಂದು ತಂಗಿಗೆ ಎಲ್ಲ ಹೇಳಿದ್ದೆ.

"ಸರಿಯಾಗಿ ಲೆಕ್ಕ ಹಾಕಿದ್ರೆ ಐದೂ ಬರಲ್ಲ," ಅಂದೆ. "ನಾನೇ ತಪ್ಪಿತಸ್ಥ ಅಂತ ಹೇಳ್ಬಿಡು. ಆದ್ರೆ ನೀನೂ ಅಷ್ಟೇ ಕಣೇ. ಎರಡು ವರ್ಷ ಬರೆದ್ಯಲ್ಲ, ಒಂದ್ಸಲ ಆದ್ರೂ ಆ ಮೆಟ್ಟಿಲು ಹತ್ತಿದ್ಯಾ?"

ಅವಳು ಕುರ್ಚಿಯಲ್ಲಿ ಕುಸಿದಳು. ಎದ್ದಳು. ಕಿಟಕಿಯವರೆಗೆ ಹೋಗಿ ಬಂದಳು. ಮತ್ತೆ ಕೂತಳು.

ಬಾಗಿಲು ತೆರೆದು ಅವಳ ಗುರುಗಳು ಬಂದರು. ಪ್ರಶಸ್ತಿ ಸಮಿತಿಯ ಅಧ್ಯಕ್ಷರೂ ಅವರೇ. ಯಾವುದಕ್ಕೂ ಬಿಸಿಯಾಗದ ಮನುಷ್ಯ ಅಂತ ಹುಡುಗರು ಅವರಿಗೆ 'ತಣ್ಣೀರು' ಅಂತ ಹೆಸರಿಟ್ಟಿದ್ದರು. ಎಲ್ಲ ಕೇಳಿಸಿಕೊಂಡು ಟೈ ಸರಿಮಾಡಿಕೊಂಡರು.

"ಇದಕ್ಕೆಲ್ಲ ಯಾಕಮ್ಮಾ ಗಾಬರಿ? ಎರಡನೇ ಮುದ್ರಣದಲ್ಲಿ ಒಂದು ಅಡಿಟಿಪ್ಪಣಿ ಹಾಕಿದ್ರಾಯ್ತು."

"ನಿಮ್ಮ ಅಡಿಟಿಪ್ಪಣಿ ಬರೋ ಹೊತ್ತಿಗೆ ಆ ಜನ ಬೀದೀಲಿರ್ತಾರೆ ಸಾರ್!" ಅಂದೆ.

"ಇವರು ಯಾರು?"

"ಎಣಿಸಿದವರು," ಅಂದಳು ತಂಗಿ.

"ಓಹೋ. ನೋಡಿ, ಪುರಸಭೆಯವರು ಮುಂದಿನ ಸಾಲಲ್ಲೇ ಕೂತಿದ್ದಾರೆ. ಆಮೇಲೆ ಮಾತಾಡೋಣ. ಈಗ ಬಾಯಿಗೆ ಬೀಗ."

ನಾನು ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಕೂರಲಾಗಲಿಲ್ಲ. ಕಾಲು ತಾನಾಗಿ ಕುಣಿಯುತ್ತಿತ್ತು. ಪಕ್ಕದವರು ಎರಡು ಸಲ ನೋಡಿದರು. ಅಭಿನಂದನಾ ಪತ್ರ ಓದಿದವರು 'ಒಂಬತ್ತು ಉಸಿರು' ಎಂಬಲ್ಲಿ ದನಿ ನಡುಗಿಸಿದರು. ಎರಡು ಮೂರು ಜನ ಕಣ್ಣೊರೆಸಿಕೊಂಡರು. ಇವಳು ಸುಮ್ಮನಿರುತ್ತಾಳೆ, ಕಾಯಂ ಕೆಲಸ ಯಾರಿಗೆ ಬೇಡ ಅಂದುಕೊಂಡೆ.

ಅವಳು ಪದಕ ತೆಗೆದುಕೊಂಡು ಮೈಕಿನ ಮುಂದೆ ನಿಂತಳು.

"ಈ ಒಂಬತ್ತು ಸುಳ್ಳು. ಸರಿಯಾದ ಲೆಕ್ಕ ಐದಕ್ಕಿಂತ ಕಡಿಮೆ. ನಾನು ಒಂದು ದಿನವೂ ಮೇಲೆ ಹತ್ತಿ ನೋಡಲಿಲ್ಲ. ತಪ್ಪು ನನ್ನದು, ಬೇರೆ ಯಾರದ್ದೂ ಅಲ್ಲ."

ತಣ್ಣೀರು ಛಂಗನೆ ಎದ್ದು ಪಕ್ಕದ ಮೈಕು ಹಿಡಿದರು. "ಕೇಳಿದ್ರಾ! ಇದು ನಿಜವಾದ ವಿದ್ವಾಂಸರ ಪ್ರಾಮಾಣಿಕತೆ! ಇದಕ್ಕೇ ನಾವು ಈ ಪ್ರಶಸ್ತಿ ಕೊಡ್ತಿರೋದು!"

ಚಪ್ಪಾಳೆ. ಅಂಥ ಚಪ್ಪಾಳೆ ಒಂಬತ್ತಕ್ಕೂ ಬಿದ್ದಿರಲಿಲ್ಲ. ತಿಪ್ಪೆ ಸಾರಿಸುವುದರಲ್ಲಿ ಈ ತಣ್ಣೀರನ್ನು ಮೀರಿಸುವವರಿಲ್ಲ. ಮುಂದಿನ ಸಾಲಿನ ಪುರಸಭೆಯ ಅಧಿಕಾರಿಯೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ತಂಗಿ ಅವನ ಕಡೆ ತಿರುಗಿದಳು.

"ಹಾಗಾದ್ರೆ ನೋಟೀಸು ವಾಪಸ್ ತಗೋತೀರಾ ಸರ್?"

ಅವನ ಕೈ ನಿಂತಿತು. ಅಕ್ಕಪಕ್ಕ ನೋಡಿ ನಕ್ಕ. "ಮೇಡಂ, ಅದು ಆಫೀಸಿನ ವಿಷಯ. ಇಲ್ಲಿ ಯಾಕೆ?"

"ನನ್ನ ಪುಸ್ತಕ ಆಧಾರ ಅಂತ ಬರೆದಿದ್ದೀರಿ."

"ಅಚ್ಚಾಗಿದೆಯಲ್ಲ ಮೇಡಂ. ಪ್ರಶಸ್ತಿನೂ ಬಂತು."

ಯಾರೋ ಕಿಸಕ್ಕೆಂದರು. ತಂಗಿ ಪದಕವನ್ನು ಮೇಜಿನ ಮೇಲೆ, ನೀರಿನ ಲೋಟದ ಪಕ್ಕ ಇಟ್ಟಳು. ಮೆಟ್ಟಿಲಿಳಿದು ಸಾಲುಗಳ ನಡುವೆ ನಡೆದು ಬಂದಳು. ನನ್ನ ಹತ್ತಿರ ಬಂದಾಗ ನಾನು ಎದ್ದೆ. ಅವಳು ನನ್ನ ಮುಖ ನೋಡಲಿಲ್ಲ. ಬಾಗಿಲು ತಳ್ಳಿಕೊಂಡು ಹೊರಟುಹೋದಳು.

"ಗುಂಪು ಫೋಟೋ ಇದೆ, ನೀವು ಹೋಗಿ ಕರ್ಕೊಂಡು ಬನ್ನಿ," ಅಂದರು ತಣ್ಣೀರು ಮೈಕಿನಲ್ಲೇ, ನನ್ನ ಕಡೆ ಬೆರಳು ತೋರಿಸಿ.

"ಕರೆಯಲ್ಲ ಸಾರ್," ಅಂದೆ.

ಫೋಟೋದವನು ಕ್ಯಾಮೆರಾ ಹಿಡಿದುಕೊಂಡು ಕಾದ. ಕುರ್ಚಿ ಮಡಿಸುವವರು ಬರುವವರೆಗೂ ಕಾದ. ಅವಳು ಬರಲಿಲ್ಲ.