ಹುರುಳಿ ಹರಡಿದ ರಸ್ತೆ

ಮುದ್ದಯ್ಯನಕುಂಟೆಯ ಜನ ಸೈಕಲ್ ರೇಸಿಗೆ ಸುಮ್ಮನೆ ಒಪ್ಪಿದವರಲ್ಲ. ಕೆಂಗೇರಿ ಕಡೆಯ ಉಲ್ಲಾಳ ದಾಟಿ, ಬಡಾವಣೆಯ ಸೈಟು ಕಲ್ಲುಗಳೆಲ್ಲ ಮುಗಿದ ಮೇಲೆ ಸಿಗುವ ಆ ಎಂಬತ್ತು ಮನೆಗಳ ಊರಿನಲ್ಲಿ ವಿಶ್ವಾರಾಧ್ಯ ಮೂರು ಸಲ ಸಭೆ ಕೂತೆದ್ದಿದ್ದ. ಮಾರೇನಹಳ್ಳಿಯಲ್ಲಿ ಅವನದೊಂದು ಸೈಕಲ್ ಅಂಗಡಿ. ವಯಸ್ಸಿನಲ್ಲಿ ರಾಜ್ಯದ ಪರವಾಗಿ ತುಳಿದವನು, ಈಗ ನಲವತ್ತೇಳಕ್ಕೆ ರೇಸು ನಡೆಸುವ ಹುಚ್ಚು ಹತ್ತಿಸಿಕೊಂಡಿದ್ದ. ಈ ಸಲದ್ದು ರಾಜ್ಯ ತಂಡದ ಆಯ್ಕೆಯ ರೇಸು. ವಿಜಯಪುರ, ಬಾಗಲಕೋಟೆ, ಗದಗಿನಿಂದ ಬಂದ ನೂರ ಹನ್ನೆರಡು ಸವಾರರು ಕೆಂಗೇರಿಯ ಛತ್ರವೊಂದರಲ್ಲಿ ಇಳಿದುಕೊಂಡಿದ್ದರು. ಭಾನುವಾರ ಬೆಳಗ್ಗೆ ಆರಕ್ಕೆ ರೇಸು. ಶನಿವಾರ ಸಂಜೆ ಆರರೊಳಗೆ ಊರಿನ ಒಪ್ಪಿಗೆ ಪತ್ರ ಠಾಣೆಯ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ರಸ್ತೆ ಇಲ್ಲ ಎಂದು ಇನ್‌ಸ್ಪೆಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಸಭೆಯಲ್ಲಿ ಊರಿನವರು ಕೇಳಿದ ಒಂದೊಂದು ಪ್ರಶ್ನೆಯೂ ನ್ಯಾಯವಾದದ್ದೇ. ಏಳೂ ಹತ್ತಕ್ಕೆ ಬರುವ ಹಾಲಿನ ವ್ಯಾನಿನ ಗತಿ ಏನು? ವ್ಯಾನ್ ಬಂದರೆ ರೇಸನ್ನೇ ತಡೆಯುತ್ತೇವೆ ಎಂದ ವಿಶ್ವಾರಾಧ್ಯ. ಯಾರಿಗಾದರೂ ಎದೆನೋವು ಬಂದರೆ? ಆಂಬುಲೆನ್ಸ್ ಊರಬಾಗಿಲಲ್ಲೇ ನಿಂತಿರುತ್ತದೆ ಎಂದ. ಎಲ್ಲ ಮುಗಿಯಿತು ಎನ್ನುವಾಗ ಹಿಂದಿನ ಸಾಲಿನಿಂದ ನರಸಮ್ಮ ಎದ್ದಳು. ಎಪ್ಪತ್ತರ ಮುದುಕಿ, ದನಿ ಮಾತ್ರ ಇಪ್ಪತ್ತರದು.

"ನಮ್ಮ ಹುರುಳಿ ಕತೆ ಏನು?"

ಹೊಲಗಳ ಜೊತೆಗೆ ಊರಿನ ಕಣಗಳೂ ಬಡಾವಣೆಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದ ಹತ್ತು ಇಪ್ಪತ್ತು ಗುಂಟೆಯಲ್ಲಿ ಬೆಳೆದದ್ದಕ್ಕೆ ಈಗ ಡಾಂಬರು ರಸ್ತೆಯೇ ಕಣ. ಕಿತ್ತ ಹುರುಳಿ ಗಿಡವನ್ನು ರಸ್ತೆಗೆ ಹರಡಿದರೆ ಬಸ್ಸು, ಲಾರಿ, ಟೆಂಪೋಗಳು ತುಳಿದು ಪುಕ್ಕಟೆ ಒಕ್ಕಣೆ ಮಾಡಿಕೊಡುತ್ತವೆ. ಒಬ್ಬರ ಹುರುಳಿ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರು ಎನ್ನುವುದಕ್ಕೆ ನಡುವೆ ಒಂದೊಂದು ಸಾಲು ಕಲ್ಲು. ಆ ಕಲ್ಲಿನ ಸಾಲಿಗೆ ಊರಿನಲ್ಲಿ ಸರ್ವೆ ಕಲ್ಲಿಗಿಂತ ಹೆಚ್ಚು ಮರ್ಯಾದೆ.

"ಶನಿವಾರ ಕತ್ತಲಾಗೋದ್ರೊಳಗೆ ನೀವೇ ಎತ್ಕೊಳ್ಳಿ ಅಮ್ಮ," ಎಂದಿದ್ದ ವಿಶ್ವಾರಾಧ್ಯ. "ಅಲ್ಲೀತನಕ ನಮ್ಮವರು ಯಾರೂ ಒಂದು ಕಾಳೂ ಮುಟ್ಟಲ್ಲ. ನನ್ನ ಮಾತು."

"ಸಿಟಿಯೋರ ಮಾತು ಎಷ್ಟು ಕಂಡಿಲ್ಲ. ಇದಕ್ಕೆ ಜವಾಬ್ದಾರಿ ಯಾರು?"

ಆಗ ಎದ್ದು ನಿಂತವನು ಚಿಕ್ಕಮುನಿಯಪ್ಪ. ಇಪ್ಪತ್ತೆರಡು ವರ್ಷ ದಿನವೂ ಸೈಕಲ್ಲಿನಲ್ಲಿ ಎರಡು ಕ್ಯಾನು ಹಾಲು ಕಟ್ಟಿಕೊಂಡು ಇಲ್ಲಿಂದ ರಾಜಾಜಿನಗರದವರೆಗೆ ತುಳಿದವನು. ಸೈಕಲ್ ತುಳಿಯುವವರು ಮೋಸ ಮಾಡುವುದಿಲ್ಲ ಎನ್ನುವುದು ಅವನ ಭೋಳೆ ನಂಬಿಕೆ. "ಈ ಸಾರ್ ಮಾತಿಗೆ ನಾನು ಜವಾಬ್ದಾರಿ," ಎಂದ. "ಕಾಗದಕ್ಕೆ ನಾನೇ ಸಹಿ ಹಾಕ್ತೀನಿ."

ನರಸಮ್ಮ ಮುಖ ತಿರುಗಿಸಿದ್ದಳು. ಚಿಕ್ಕಮುನಿಯಪ್ಪ ಅವಳಿಗೆ ಮೈದುನನ ವರಸೆ, ದಾಯಾದಿ. ಬದುವಿನ ಜಗಳದಿಂದ ಆರು ವರ್ಷ ಇಬ್ಬರಿಗೂ ಮಾತಿರಲಿಲ್ಲ.

ಶನಿವಾರ ಸಂಜೆ ನಾಲ್ಕೂಕಾಲಿಗೆ, ಸಹಿಯಷ್ಟೇ ಬಾಕಿಯಿದ್ದ ಪತ್ರವನ್ನು ಫೈಲಿನಲ್ಲಿಟ್ಟುಕೊಂಡು ವಿಶ್ವಾರಾಧ್ಯ ಊರಿಗೆ ಬಂದಾಗ ರಸ್ತೆ ಕನ್ನಡಿಯ ಹಾಗಿತ್ತು. ಒಂದು ಕಡ್ಡಿಯಿಲ್ಲ, ಒಂದು ಕಲ್ಲಿಲ್ಲ. ಒಂದು ಕ್ಷಣ ಅವನಿಗೆ ಖುಷಿಯೇ ಆಯಿತು. ಆಮೇಲೆ ಜನ ಕಂಡರು. ಚಿಕ್ಕಮುನಿಯಪ್ಪನ ಮನೆಯ ಮುಂದೆ ಸೊಂಟದೆತ್ತರದ ಒಂದೇ ರಾಶಿ. ಹೊಟ್ಟು, ಕಾಳು, ಧೂಳು ಎಲ್ಲ ಕಲಸಿ ಬಿದ್ದಿತ್ತು. ಅದರ ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನರಸಮ್ಮ.

"ಊರೆಲ್ಲ ಅನ್ನಪೂರ್ಣೇಶ್ವರಿ ನಗರಕ್ಕೆ ಗೃಹಪ್ರವೇಶಕ್ಕೆ ಹೋಗಿದ್ವಿ. ಉಳಿದೋನು ಇವನೊಬ್ಬ. ಬಂದು ನೋಡಿದ್ರೆ ಮೂರು ಮನೆ ಹುರುಳಿ ಇವನ ಬಾಗಿಲಲ್ಲಿ! ಇದಕ್ಕೇನಂತೀರಿ?"

"ಅತ್ಗೆ, ಹಸು ಕರು ಹಾಕ್ತಿತ್ತು, ಹಿತ್ತಲ ಕೊಟ್ಟಿಗೆ ಬಿಟ್ಟು ನಾನು ಕದಲಿಲ್ಲ," ಎಂದ ಚಿಕ್ಕಮುನಿಯಪ್ಪ. ಆರು ವರ್ಷದ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಅದು.

"ಬದು ನುಂಗಿದೋನಿಗೆ ಹುರುಳಿ ಯಾವ ಲೆಕ್ಕ! ಅದು ಬಿತ್ತನೆಗೆ ಇಟ್ಟಿದ್ದು ಕಣ್ಲಾ. ಕರೀ ಹುರುಳಿ. ನಮ್ಮವ್ವನ ಮನೆಯಿಂದ ಮಡಿಲಲ್ಲಿ ಕಟ್ಕೊಂಡು ಬಂದಿದ್ದು. ಊರಲ್ಲಿ ಇನ್ಯಾರ ಹತ್ರ ಐತೆ ಆ ಬೀಜ?" ಅವಳ ದನಿ ಒಡೆಯಿತು. ಅಳು ಕಂಡೀತೆಂದು ಇನ್ನಷ್ಟು ಜೋರಾಗಿ ಬೈದಳು.

ವಿಶ್ವಾರಾಧ್ಯನ ಜೇಬಿನಲ್ಲಿ ಫೋನು ಅದುರಿತು. ಬೆಳಗಿನಿಂದ ಕೆಂಗೇರಿಯಲ್ಲಿ ಸವಾರರಿಗೆ ನಂಬರು ಹಂಚುವ ಗಲಾಟೆಯಲ್ಲಿ ಅವನು ಅದನ್ನು ನೋಡಿರಲಿಲ್ಲ. ಕ್ಲಬ್ಬಿನ ಗ್ರೂಪಿನಲ್ಲಿ ಕಾರ್ಯದರ್ಶಿ ಮಾಲವಿಕಾ ಹಾಕಿದ ಫೋಟೋ: ಹದಿನೈದು ಜನ, ಕೈಯಲ್ಲಿ ಪೊರಕೆ, ಹಲ್ಲು ಕಿರಿದುಕೊಂಡು ಇದೇ ರಾಶಿಯ ಹಿಂದೆ ನಿಂತಿದ್ದಾರೆ. "ಮುದ್ದಯ್ಯನಕುಂಟೆ ರೂಟ್ ಫುಲ್ ಕ್ಲೀನ್ ಸಾರ್!" ಅದರ ಮೇಲ್ಗಡೆ, ಶುಕ್ರವಾರ ಅವನೇ ಹಾಕಿದ್ದ ಮೆಸೇಜು. "ಶನಿವಾರ ಮಧ್ಯಾಹ್ನದೊಳಗೆ ಇಡೀ ರೂಟ್ ಗುಡಿಸಿರಬೇಕು. ಒಂದು ಕಡ್ಡಿಯೂ ಕಾಣಬಾರದು." ಹುರುಳಿಯ ವಿಷಯ ಅದರಲ್ಲಿ ಬರೆದಿರಲಿಲ್ಲ. ಮೂರು ಸಭೆಯಲ್ಲಿ ಬಾಯಿ ತುಂಬ ಮಾತು ಕೊಟ್ಟವನು ತನ್ನವರಿಗೆ ಒಂದು ಸಾಲು ಬರೆಯುವುದನ್ನು ಮರೆತಿದ್ದ.

ಅವನು ರಸ್ತೆ ಬದಿಯ ಹುಣಸೇಮರದ ಹಿಂದೆ ಹೋಗಿ ಮಾಲವಿಕಾಗೆ ಫೋನು ಮಾಡಿದ.

"ಅಯ್ಯೋ, ಅದು ಕಸ ಅಂದ್ಕೊಂಡ್ವಿ ಸಾರ್," ಎಂದಳು ಅವಳು, ಗಾಬರಿಯಿಂದ. "ಗೇಟ್ ಹತ್ರ ಜಾಗ ಇತ್ತು, ಅಲ್ಲಿಗೆ ಎಳೆದು ಹಾಕಿದ್ವಿ. ಸಾರ್, ಈಗ ಏನೂ ಹೇಳ್ಬೇಡಿ. ಸಹಿ ತಗೊಂಡು ಬಂದ್ಬಿಡಿ. ನಾಳೆ ರೇಸ್ ಮುಗೀಲಿ, ನಾನೇ ಬಂದು ಕಾಲಿಗೆ ಬೀಳ್ತೀನಿ. ಆ ಮಕ್ಕಳು ಒಂದು ವರ್ಷದಿಂದ ಕಾಯ್ತಿದಾರೆ ಸಾರ್."

ಅವಳು ಹೇಳಿದ್ದು ಸುಳ್ಳಲ್ಲ. ನಿಜ ಹೇಳಿದರೆ ಈ ಊರು ಟ್ರ್ಯಾಕ್ಟರು ಅಡ್ಡ ನಿಲ್ಲಿಸುವುದು ಖಂಡಿತ. ಹೇಳದಿದ್ದರೆ ಇದು ದಾಯಾದಿ ಜಗಳ. ಇವತ್ತಿಲ್ಲದಿದ್ದರೆ ನಾಳೆ ತಾನಾಗಿಯೇ ತಣ್ಣಗಾಗುತ್ತದೆ. ಮನುಷ್ಯ ತನಗೆ ಬೇಕಾದ ನ್ಯಾಯವನ್ನು ಎಷ್ಟು ಬೇಗ ಹೊಲಿದುಕೊಳ್ಳುತ್ತಾನೆ! ಸಹಿ ಆಗಲಿ, ಠಾಣೆಗೆ ಕೊಟ್ಟು ವಾಪಸು ಬಂದು ಹೇಳುತ್ತೇನೆ ಎಂದುಕೊಂಡು ವಿಶ್ವಾರಾಧ್ಯ ಮರದ ಮರೆಯಿಂದ ಈಚೆ ಬಂದ.

ಅಷ್ಟರಲ್ಲಿ ಮಾತು ಬೇರೆಲ್ಲಿಗೋ ಹೋಗಿತ್ತು.

"ಹಂಗಾದ್ರೆ ಕರ್ಪೂರ ಆರಿಸ್ಲಿ," ಎಂದಳು ನರಸಮ್ಮ. "ರಾಶಿ ಮುಂದೆ ಆರಿಸ್ಲಿ. ಆಗ ನಂಬ್ತೀನಿ."

ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಪ್ರಮಾಣ ಮಾಡುವುದು ಆ ಊರಿನಲ್ಲಿ ಸಣ್ಣ ಮಾತಲ್ಲ. ಆರಿಸಿದ ಮೇಲೆ ಯಾರೂ ಮರುಮಾತಾಡುವಂತಿಲ್ಲ. ಆದರೆ ಆರಿಸು ಎಂದು ಕೇಳಿಸಿಕೊಂಡವನು ಊರ ಕಣ್ಣಲ್ಲಿ ಅರ್ಧ ಕಳ್ಳನೇ.

"ಅರವತ್ತು ವರ್ಷದಲ್ಲಿ ನನ್ನನ್ನ ಯಾರೂ ಹಿಂಗೆ ಕೇಳಿರಲಿಲ್ಲ," ಎಂದ ಚಿಕ್ಕಮುನಿಯಪ್ಪ. "ತನ್ನಿ."

ಗುಡಿಯಿಂದ ಕರ್ಪೂರ ಬಂತು. ಚಪ್ಪಟೆ ಕಲ್ಲಿನ ಮೇಲೆ ನಾಲ್ಕು ಬಿಲ್ಲೆ ಇಟ್ಟು ಹಚ್ಚಿದರು. "ಕಳ್ಳ ಯಾರು ಅಂತ ಈಗ ಗೊತ್ತಾಗ್ತದೆ," ಎಂದರು ಯಾರೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ವಿಶ್ವಾರಾಧ್ಯನ ಕೈ ಜೇಬಿಗೆ ಹೋಯಿತು. ಈಗ ಹೇಳು ಎಂದಿತು ಮನಸ್ಸು. ಅವನು ಬಾಯಿ ತೆರೆದ. ಗಡಿಯಾರದಲ್ಲಿ ಐದಾಗಿತ್ತು. ಠಾಣೆಗೆ ಇಪ್ಪತ್ತೈದು ನಿಮಿಷದ ದಾರಿ. ಬಾಯಿ ಮುಚ್ಚಿದ.

ಚಿಕ್ಕಮುನಿಯಪ್ಪ ಮಂಡಿಯೂರಿದ. "ಇದನ್ನ ನಾನು ಗುಡಿಸಿದ್ರೆ, ಗುಡಿಸೋಕೆ ಹೇಳಿದ್ರೆ, ಗುಡಿಸಿದೋರು ಯಾರು ಅಂತ ಗೊತ್ತಿದ್ದೂ ಮುಚ್ಚಿಟ್ಟಿದ್ರೆ, ಇವತ್ತು ಹುಟ್ಟಿದ ಕರು ನನ್ನ ಕೊಟ್ಟಿಗೇಲಿ ಉಳೀಬಾರ್ದು." ಎಲ್ಲರೂ ಮಾಡುವಂತೆ ಪಟ್ಟನೆ ತಟ್ಟಿ ಕೈ ತೆಗೆಯಲಿಲ್ಲ. ಅವಮಾನಕ್ಕೋ ಸಿಟ್ಟಿಗೋ, ಅಂಗೈಯನ್ನು ಬೆಂಕಿಯ ಮೇಲೆ ಒತ್ತಿ ಹಿಡಿದ. ಹೊಗೆ ನಿಲ್ಲುವವರೆಗೂ ಎತ್ತಲಿಲ್ಲ. ಸುಟ್ಟ ಚರ್ಮದ ವಾಸನೆ ವಿಶ್ವಾರಾಧ್ಯನ ಮೂಗಿಗೆ ಬಂತು.

ಇನ್ನು ನರಸಮ್ಮ ಅವನನ್ನು ಏನೂ ಅನ್ನುವಂತಿರಲಿಲ್ಲ. "ಹಂಗಾದ್ರೆ ಯಾರು?" ಎಂದಳು, ತನಗೇ ಎಂಬಂತೆ. "ಬಡಾವಣೆ ಕಸದ ಗಾಡಿಯೋರು ಇರ್ಬೇಕು ಬಿಡು," ಎಂದರು ಇನ್ಯಾರೋ. ಹೌದು ಹೌದು ಎಂದರು ನಾಲ್ಕು ಜನ. ವಿಶ್ವಾರಾಧ್ಯನಿಗೆ ತಪ್ಪಿಸಿಕೊಳ್ಳುವ ಬಾಗಿಲು ಹಾಗೆ ತಾನಾಗಿ ತೆರೆದುಕೊಂಡಿತು. ಸುಮ್ಮನಿದ್ದರೆ ಸಾಕಾಗಿತ್ತು.

ಚಿಕ್ಕಮುನಿಯಪ್ಪ ಬಲಗೈಯನ್ನು ಎದೆಗೆ ಒತ್ತಿಕೊಂಡು ಅವನ ಹತ್ತಿರ ಬಂದ. "ತನ್ನಿ ಸಾರ್ ಕಾಗದ. ನಮ್ಮ ರಗಳೇಲಿ ನಿಮಗೆ ಲೇಟಾಗೋಯ್ತು. ಆ ಹುಡುಗರು ಪಾಪ ಅಷ್ಟು ದೂರದಿಂದ ಬಂದವ್ರೆ."

ಪೆನ್ನು ಹಿಡಿಯಲು ನೋಡಿದ. ಬೆರಳು ಮಡಿಸಲಾಗಲಿಲ್ಲ. ಅಂಗೈ ನಡುವೆ ಬೊಬ್ಬೆ ಎದ್ದು ಬಿಳುಚಿಕೊಂಡಿತ್ತು. ಪೆನ್ನು ಕೆಳಗೆ ಬಿತ್ತು. "ತಡೀರಿ, ಎಡಗೈಲಿ ಹಾಕ್ತೀನಿ," ಎಂದು ಬಗ್ಗಿದ.

ವಿಶ್ವಾರಾಧ್ಯನಿಗೆ ಇನ್ನು ತಡೆಯಲಾಗಲಿಲ್ಲ. "ಬೇಡ ಮುನಿಯಪ್ನೋರೆ. ಗುಡಿಸಿದ್ದು ನಮ್ಮವರು."

ಫೋನನ್ನು ಅವನ ಮುಂದೆ ಹಿಡಿದ. ಜನ ಮುತ್ತಿಕೊಂಡರು. ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿ ಪೊರಕೆಗಳನ್ನೂ ನಗುವ ಮುಖಗಳನ್ನೂ ನೋಡಿದರು. ಮೆಸೇಜು ಹಾಕಿದ್ದು ತಾನೇ, ತಪ್ಪೆಲ್ಲ ತನ್ನದೇ, ಬೀಜಕ್ಕೆ ಏನು ಬೇಕಾದರೂ ಕೊಡುತ್ತೇನೆ ಎಂದು ವಿಶ್ವಾರಾಧ್ಯ ಒಂದೇ ಉಸಿರಿಗೆ ಹೇಳಿದ. ಬೈಗುಳ ಶುರುವಾಯಿತು. ಯಾರೋ ಅವನ ಕಾಲರಿಗೆ ಕೈ ಹಾಕಿದರು. ಚಿಕ್ಕಮುನಿಯಪ್ಪ ಮಾತ್ರ ಫೋಟೋದಿಂದ ಕಣ್ಣು ತೆಗೆದಿರಲಿಲ್ಲ.

"ಬಿಡ್ರೋ ಅವರನ್ನ," ಎಂದ. ಆಮೇಲೆ ಮೆಲ್ಲಗೆ ಕೇಳಿದ. "ಇದನ್ನ ನೀವು ಯಾವಾಗ ನೋಡಿದ್ರಿ ಸಾರ್?"

ಸುಳ್ಳು ಹೇಳಬಹುದಿತ್ತು. ಈಗ ತಾನೇ ಎಂದಿದ್ದರೆ ಆಗುತ್ತಿತ್ತು.

"ನಾಲ್ಕೂವರೆಗೆ."

"ಕರ್ಪೂರ ಹಚ್ಚಿದ್ದು?"

"ಐದಕ್ಕೆ."

ಚಿಕ್ಕಮುನಿಯಪ್ಪ ತಲೆಯಾಡಿಸಿದ. ಬೈಯಲಿಲ್ಲ. ಅವನು ಬೈದಿದ್ದರೆ, ಎರಡು ಬಾರಿಸಿದ್ದರೆ ವಿಶ್ವಾರಾಧ್ಯ ಬದುಕಿಕೊಳ್ಳುತ್ತಿದ್ದ. ಚಿಕ್ಕಮುನಿಯಪ್ಪ ಎಡಗೈಯಿಂದ ಪೆನ್ನೆತ್ತಿಕೊಂಡು ಜಗಲಿಯ ಮೇಲೆ ಕಾಗದ ಇಟ್ಟ.

"ಯಾಕಣ್ಣ ಹಾಕ್ತೀಯ?" ಎಂದು ಜನ ಕೂಗಿದರು. "ಹರಿದಾಕು! ರೇಸು ಹೆಂಗೆ ಮಾಡ್ತಾರೋ ನೋಡಾಣ!"

"ಜವಾಬ್ದಾರಿ ಅಂತ ಊರ ಮುಂದೆ ನಾನೇ ಹೇಳಿದೀನಿ," ಎಂದ ಚಿಕ್ಕಮುನಿಯಪ್ಪ.

ಜನ ನರಸಮ್ಮನ ಮುಖ ನೋಡಿದರು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು, ಕಾಗದ ಚೂರಾಗುತ್ತಿತ್ತು. ಅವಳು ಮೈದುನನ ಕೈಯನ್ನೇ ನೋಡುತ್ತಿದ್ದಳು. ಆ ಕೈ ಸುಡಿಸಿದವರಲ್ಲಿ ತಾನೂ ಒಬ್ಬಳು ಎನ್ನುವುದು ಅವಳ ಮುಖದ ಮೇಲೆ ಬರೆದಿತ್ತು.

"ಹಾಕಿ ಕೊಡು," ಎಂದಳು ಕೊನೆಗೆ. "ಅವನ ಮಾತು ಹೋಯ್ತು. ನಿನ್ನದಾದ್ರೂ ಉಳೀಲಿ." ಆಮೇಲೆ ಒಳಗೆ ನೋಡಿ ಕೂಗಿದಳು. "ಯಾರಾದ್ರೂ ಲೋಳೆಸರ ಮುರ್ಕೊಂಡು ಬರ್ರೇ! ನೋಡ್ಕೊಂಡು ನಿಂತವ್ರೆ!"

ಎಡಗೈಯ ಸಹಿ ಕಾಗದದ ತುಂಬ ಸೊಟ್ಟಸೊಟ್ಟಗೆ ಹರಿಯಿತು. ವಿಶ್ವಾರಾಧ್ಯ ಏನೋ ಹೇಳಲು ಹೋದ. "ಹೊರಡಿ ಸಾರ್, ಆರಾಗ್ತದೆ," ಎಂದ ಚಿಕ್ಕಮುನಿಯಪ್ಪ.

ಪತ್ರ ಹೊತ್ತಿಗೆ ಸರಿಯಾಗಿ ಠಾಣೆ ಮುಟ್ಟಿತು. ಮರುದಿನ ರೇಸಿನ ಮುಂದೆ ಓಡುವ ಪೈಲಟ್ ಜೀಪು ವಿಶ್ವಾರಾಧ್ಯನನ್ನು ಹೊತ್ತು ಮುದ್ದಯ್ಯನಕುಂಟೆಗೆ ಬಂದಾಗ ಏಳಕ್ಕೆ ಐದು ನಿಮಿಷವಿತ್ತು. ಮಾಲವಿಕಾ ಮತ್ತು ಫೋಟೋದ ಆ ಹದಿನೈದು ಜನ ರಸ್ತೆಯಾಚೆ ಕೈಕಟ್ಟಿ ನಿಂತಿದ್ದರು. ಕಾಳು ಆರಿಸಿಕೊಡಲೆಂದು ಬೆಳಗಿನ ಜಾವವೇ ಬಂದವರನ್ನು ಊರಿನವರು ರಾಶಿ ಮುಟ್ಟಲು ಬಿಟ್ಟಿರಲಿಲ್ಲ. ನರಸಮ್ಮ ಜಗಲಿಯ ಮೇಲೆ ಮೊರ ಹಿಡಿದು ಕೂತು, ಕೆಂಪು ಕಾಳಿನ ನಡುವಿನಿಂದ ಕಪ್ಪು ಕಾಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಜೀಪಿನ ಸದ್ದಿಗೆ ತಲೆಯೆತ್ತಲಿಲ್ಲ.

ಊರಬಾಗಿಲಲ್ಲಿ ಚಿಕ್ಕಮುನಿಯಪ್ಪ ನಿಂತಿದ್ದ. ಬಲಗೈಗೆ ಬಿಳಿಯ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಕೋಲು ಹಿಡಿದು, ಊರಿನ ದನಗಳು ರಸ್ತೆಗಿಳಿಯದಂತೆ ತಡೆಯುತ್ತಿದ್ದ. ಹಾಗೆ ನಿಲ್ಲಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇಳಿದು ಅವನ ಕಾಲು ಹಿಡಿಯಬೇಕು ಎನ್ನಿಸಿತು ವಿಶ್ವಾರಾಧ್ಯನಿಗೆ. "ಒಂದು ನಿಮಿಷ ನಿಲ್ಲಿಸಪ್ಪಾ," ಎಂದ ಡ್ರೈವರಿಗೆ.

"ಎಲ್ಲಿ ನಿಲ್ಲಿಸ್ಲಿ ಸಾರ್?" ಎಂದ ಡ್ರೈವರು ಕನ್ನಡಿಯಲ್ಲಿ ನೋಡುತ್ತ. "ಹಿಂದೆ ನೂರ ಹನ್ನೆರಡು ಸೈಕಲ್ ಬರ್ತಾ ಇದೆ."